ಮೂರನೆಯ ಸುತ್ತು

ಸುಜನ್ ಸ್ನಾನಕ್ಕೆ ಹೋದದ್ದನ್ನು ನೋಡಿಕೊಂಡು ಪ್ರೇಮನಾಥ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಸೊಸೆ ಮಾನಸಿ ಚಹಾ ಸೋಸುತ್ತಿದ್ದಳು.

"ಒಂದು ಮಾತು ಕೇಳ್ತೇನೆ, ಸರಿಯಾಗಿ ಹೇಳು. ಅವನ ರ‍್ಯಾಂಕಿಗೆ ಆರ್ಥೋ ಸಿಗ್ತದಾ?"

ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಸಿಗ್ಲಿಕ್ಕಿಲ್ಲ ಮಾವ."

"ಎಲ್ಲಿಯೂ?"

"ಎಲ್ಲಿಯೂ. ಅನಸ್ತೇಸಿಯಾ ಆದ್ರೆ ಸಿಗಬಹುದು. ಲಾತೂರಿನಲ್ಲೋ, ನಾಂದೇಡದಲ್ಲೋ."

ಪ್ರೇಮನಾಥ ಠಾಣೆಯ ಹೋಟೆಲೊಂದರ ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಕೂತು ಮಗನನ್ನು ಓದಿಸಿದವರು. ಡೊಂಬಿವಲಿಯ ಆ ಮನೆಗೆ ಒಬ್ಬ ಡಾಕ್ಟರ್ ಆದ, ಅವನ ಹಿಂದೆಯೇ ಅವನ ಸಹಪಾಠಿ ಸೊಸೆಯಾಗಿ ಬಂದಳು. ಎಂಬಿಬಿಎಸ್ ಆದ ಮೇಲೂ ಇಷ್ಟು ಓದುವುದಿದೆ ಎಂದು ಅವರಿಗೆ ತಿಳಿದದ್ದು ಆಮೇಲೆ. ಬಚ್ಚಲ ಕಡೆ ಒಮ್ಮೆ ನೋಡಿ, "ಅವನಿಗೆ ಹೇಳಬೇಡ ಮಗಾ," ಅಂದರು. "ಹೋದ ವರ್ಷದ್ದು ಗೊತ್ತುಂಟಲ್ಲ ನಿನಗೆ."

ಹೋದ ವರ್ಷ ಪಿಜಿ ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದ ದಿನ ಸುಜನ್ ಫೋನನ್ನು ಮೇಜಿನ ಮೇಲೆ ಬಿಟ್ಟು ಹೊರಗೆ ಹೋಗಿದ್ದ. ಮಾರನೆಯ ದಿನ ಸಂಜೆ ದಿವಾ ಸ್ಟೇಷನ್ನಿನಲ್ಲಿ, ಪ್ಲಾಟ್‌ಫಾರ್ಮು ಮುಗಿಯುವ ಕಡೆ ಕೂತಿದ್ದವನನ್ನು ಪ್ರೇಮನಾಥ ಮಣಿಕಟ್ಟು ಹಿಡಿದು ಕರೆತಂದರು. ಆ ವಾರವೇ ಅತ್ತೆ ಜಯಲತಾ ಬಾಲ್ಕನಿಗೆ ಗ್ರಿಲ್ ಹಾಕಿಸಿದರು. ಪಾರಿವಾಳಗಳ ಕಾಟ ಎಂದು ಮಗನಿಗೆ ಹೇಳಿದರು.

ಈ ಸಲ ಇಬ್ಬರೂ ಬರೆದಿದ್ದರು. ಮಾನಸಿಯ ರ‍್ಯಾಂಕು ಚೆನ್ನಾಗಿತ್ತು. ಸುಜನ್‌ದು ಹೋದ ಸಲಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಆದರೆ ಎರಡು ವರ್ಷದಿಂದ ಅವನು ಕಲ್ಯಾಣದ ಒಂದು ಮೂಳೆ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್. ಪ್ಲಾಸ್ಟರ್ ಹಾಕುವುದರಲ್ಲಿ ಅವನ ಕೈ ಒಳ್ಳೆಯದೆಂದು ಅಲ್ಲಿ ಹೆಸರಿತ್ತು. ಆರ್ಥೋ ಎಂಬ ಈ ಮೂಳೆ ವಿಭಾಗವಲ್ಲದೆ ಬೇರೆಯದನ್ನು ಅವನು ಯೋಚಿಸಿಯೇ ಇರಲಿಲ್ಲ.

ಆ ಸಂಜೆ ಮಾನಸಿ ಸೀವುಡ್ಸ್‌ನ ಆಸ್ಪತ್ರೆಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಸುಜನ್ ಸೀಟು ಹಂಚಿಕೆಗೆ ತನ್ನ ಆಯ್ಕೆಗಳನ್ನು ತುಂಬಿ ಮುಗಿಸಿದ್ದ. ರಾಜ್ಯದಲ್ಲಿ ಆರ್ಥೋ ಇರುವ ಕಾಲೇಜುಗಳೆಲ್ಲ ಅಲ್ಲಿದ್ದವು, ಬೇರೆ ಒಂದೂ ಇರಲಿಲ್ಲ. ಹೊಸ ಕಾಲೇಜುಗಳು ಬಂದಿವೆ, ಸೀಟು ಹೆಚ್ಚಾಗಿದೆ, ಮೇಲಿನವರು ಹೇಗೂ ರೇಡಿಯಾಲಜಿಗೆ ಹೋಗುತ್ತಾರೆ ಎಂದು ಅವನು ಒಂದೊಂದಾಗಿ ವಿವರಿಸಿದ. ಆಮೇಲೆ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿ, ನಿನಗೇನನಿಸುತ್ತದೆ ಎಂದು ಕೇಳಿದ.

ಹಿಂದಿನ ವರ್ಷಗಳಲ್ಲಿ ಎಲ್ಲೆಲ್ಲಿ, ಯಾವ ರ‍್ಯಾಂಕಿಗೆ ಆರ್ಥೋ ಮುಗಿದಿತ್ತೆಂದು ಅವಳಿಗೆ ಬಾಯಿಪಾಠವಾಗಿತ್ತು. ಅವನು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ.

"ಹಾಕು. ನೋಡುವ," ಅಂದಳು.

ಮೊದಲ ಸುತ್ತಿನಲ್ಲೇ ಅವಳಿಗೆ ನಾಗಪುರದಲ್ಲಿ ಮೆಡಿಸಿನ್ ಸಿಕ್ಕಿತು. ಅವನಿಗೆ ಏನೂ ಸಿಗಲಿಲ್ಲ. ಅವನೇ ಪೇಢೆ ತಂದು ಪಕ್ಕದ ಮನೆಗಳಿಗೆಲ್ಲ ಕೊಟ್ಟ. ಎರಡನೆಯ ಸುತ್ತಿಗೂ ಅವನು ಕೇಳಿದ, ಅವಳೂ ಅದನ್ನೇ ಹೇಳಿದಳು. ಮೂರನೆಯದಕ್ಕೆ, ಅದೇ ಕೊನೆಯದು, ಅವಳು ತಡೆಯಲಾರದೆ, ಎಲ್ಲಕ್ಕಿಂತ ಕೆಳಗೆ ಲಾತೂರಿನ ಅನಸ್ತೇಸಿಯಾ ಒಂದನ್ನು ಸೇರಿಸಿದಳು. ಅವನ ಕಣ್ಣಿಗೆ ಬಿತ್ತು.

"ಯಾಕೆ, ನಂಬಿಕೆ ಇಲ್ವಾ?"

ಆಗಲಾದರೂ ಹೇಳಬಹುದಿತ್ತು. ಅವನ ಮುಖ ನೋಡಿದಳು. "ಉಂಟು," ಅಂದಳು. ಅವನು ಅದನ್ನು ಅಳಿಸಿದ.

ಕೊನೆಯ ಪಟ್ಟಿ ಭಾನುವಾರ ಮಧ್ಯಾಹ್ನ ಬಂತು. ತನ್ನ ಹೆಸರಿಲ್ಲವೆಂದು ಗೊತ್ತಾದ ಮೇಲೂ ಸುಜನ್ ಅದನ್ನು ಪೂರ್ತಿ ಓದಿದ. ಅವನಿಗಿಂತ ಎಷ್ಟೋ ಹಿಂದಿದ್ದ ಯಾರಿಗೋ ಲಾತೂರಿನ ಅನಸ್ತೇಸಿಯಾ ಸಿಕ್ಕಿತ್ತು. ಜಯಲತಾ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಿದ್ದರು. ಅದರ ಅಗತ್ಯ ಬೀಳಲಿಲ್ಲ. ಅವನು ಬಡಿಸಿದ್ದನ್ನೆಲ್ಲ ಉಂಡು, ಕೈ ತೊಳೆದು ಕೋಣೆಗೆ ಬಂದ. ಗಂಡ ಹೆಂಡತಿ ತಮ್ಮೊಳಗೆ ಹೆಚ್ಚಾಗಿ ಹಿಂದಿಯಲ್ಲೇ ಮಾತಾಡುತ್ತಿದ್ದರು. ಈಗ ಅವನು ಕನ್ನಡದಲ್ಲಿ ಕೇಳಿದ.

"ನಿನಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಮೊದಲಿಂದಲೂ?"

ಹಾಲಿನಲ್ಲಿ ಟೀವಿಯ ಸದ್ದು ಕಡಿಮೆಯಾಯಿತು. ಮಾವ ಕೇಳಿಸಿಕೊಳ್ಳುತ್ತಿದ್ದಾರೆಂದು ಅವಳಿಗೆ ತಿಳಿಯಿತು. ಅವರು ಒಳಗೆ ಬಂದಾರೆಂದು ಒಂದು ಗಳಿಗೆ ಕಾದಳು.

"ಹೆದರಿಕೆ ಆಯ್ತು," ಅಂದಳು ಕೊನೆಗೆ.

"ಪೇಷಂಟಿಗೂ ಹೀಗೇ ಹೇಳ್ತೀಯಾ ನೀನು?" ಅವನ ದನಿ ಏರಿರಲಿಲ್ಲ. "ನಾನು ಅನಸ್ತೇಸಿಯಾ ತಗೊಳ್ತಿದ್ದೆ ಮಾನಸಿ. ಯಾರಾದ್ರೂ ಒಮ್ಮೆ ಹೇಳಿದ್ದರೆ ತಗೊಳ್ತಿದ್ದೆ."

ಅದು ನಿಜವೋ ಅಲ್ಲವೋ ಅವಳಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ.

ಆ ವಾರದಿಂದ ಅವನು ರಾತ್ರಿ ಪಾಳಿಗಳನ್ನೇ ಕೇಳಿ ಪಡೆದ. ಅವಳು ಎದ್ದು ಹೊರಡುವ ಹೊತ್ತಿಗೆ ಬಂದು, ಮಲಗಿಬಿಡುತ್ತಿದ್ದ. ಅವಳು ನಾಗಪುರಕ್ಕೆ ಹೊರಟ ದಿನವೂ ಆಸ್ಪತ್ರೆಯಲ್ಲೇ ಉಳಿದ. ಕಲ್ಯಾಣ ಸ್ಟೇಷನ್ನಿಗೆ ಅಲ್ಲಿಂದ ನಡೆದೇ ಬರಬಹುದಿತ್ತು.

ಬಂದವರು ಪ್ರೇಮನಾಥ. ಸೂಟ್‌ಕೇಸನ್ನು ಸೀಟಿನ ಕೆಳಗೆ ತಳ್ಳಿ, ಕೆಳಗಿಳಿದು ಕಿಟಕಿಯ ಹತ್ತಿರ ನಿಂತರು. ಹಾಸ್ಟೆಲಿನ ಊಟ ಹೇಗೋ ಏನೋ ಅಂದರು, ತಲುಪಿದ ಕೂಡಲೇ ಫೋನ್ ಮಾಡು ಅಂದರು. ಸಿಗ್ನಲ್ ಬಿದ್ದ ಮೇಲೆ ಸರಳು ಹಿಡಿದು ಹತ್ತಿರ ಬಂದರು.

"ಅವನು ನನ್ನನ್ನೂ ಕೇಳಿದ. ನಿಮಗೂ ಗೊತ್ತಿತ್ತಾ ಅಪ್ಪಾ ಅಂತ." ಅವರು ಪ್ಲಾಟ್‌ಫಾರ್ಮಿನ ಆ ಕಡೆ ನೋಡುತ್ತಿದ್ದರು. "ಇಲ್ಲ ಅಂದೆ. ಮನೆಯಲ್ಲಿ ಅವನಿಗೆ ಒಬ್ಬರಾದ್ರೂ ಬೇಕಲ್ಲ ಮಗಾ."

ಮಾನಸಿ ತಲೆಯಾಡಿಸಿದಳು. ಗಾಡಿ ಹೊರಟಿತು.

ಎದುರಿನ ಸೀಟಿನ ಹೆಂಗಸು ಎಲ್ಲಿಯವರೆಗೆ ಎಂದು ಮರಾಠಿಯಲ್ಲಿ ಕೇಳಿದಳು. ಮಾನಸಿ ನಾಗಪುರ ಎಂದು ಹೇಳಿ ಕಿಟಕಿಯ ಕಡೆ ತಿರುಗಿದಳು. ಶಹಾಡ್ ದಾಟಿದ ಮೇಲೆ ನದಿಯ ಸೇತುವೆ ಬಂತು. ನೀರು ಕಾಣದಷ್ಟು ಜಲಕಳೆ ಹಬ್ಬಿತ್ತು. ಅದರ ಮೇಲೆ ಒಂದು ಕೊಕ್ಕರೆ, ಗಟ್ಟಿ ನೆಲದ ಮೇಲೆಂಬಂತೆ, ನಿಧಾನವಾಗಿ ಕಾಲಿಡುತ್ತ ಹೋಗುತ್ತಿತ್ತು.