ಹತ್ತುವವರಿಲ್ಲದ ಬಸ್ಸು

ನೊರೀನ್‌ಗೆ ವೀಡಿಯೊ ಆಟಗಳ ಗುಣದೋಷ ಬರೆಯುವುದೇ ಹೊಟ್ಟೆಪಾಡು. ಈ ಸಲ ಬಂದದ್ದು ಕಳ್ಳಕಾಕರ ಆಟ: ಇಡೀ ಊರು ಅಲೆಯಬಹುದು, ಕಂಡದ್ದನ್ನು ಕದಿಯಬಹುದು. ಅದನ್ನು ಅಪ್ಪನ ಕೈಗೆ ಕೊಟ್ಟದ್ದು ಅವಳದೇ ಹಟ. ಅಪ್ಪ ವೆಂಡೆಲ್ ಪಿಟ್ಸ್‌ಬರ್ಗಿನಲ್ಲಿ ಜೀವಮಾನವೆಲ್ಲ ಸಿಟಿ ಬಸ್ಸು ಓಡಿಸಿದವನು. ಒಮ್ಮೆ ತಲೆಸುತ್ತಿ ಬಿದ್ದು ಲೈಸೆನ್ಸ್ ಹೋಯಿತು ನೋಡಿ, ಅಂದಿನಿಂದ ಹಿಡಿದ ಕುರ್ಚಿ ಬಿಟ್ಟಿರಲಿಲ್ಲ. ಮಾತೂ ಹೂಂ, ಉಹೂಂಗೆ ಇಳಿದಿತ್ತು.

ಆಟದೊಳಗೆ ಅವನು ಮೊದಲು ಕದ್ದದ್ದೇ ಒಂದು ಬಸ್ಸು.

"ಅಪ್ಪಾ, ಪೊಲೀಸರು ಬೆನ್ನು ಹತ್ತಿದಾರೆ, ನುಗ್ಗಿಸು!"

"ಕೆಂಪು ದೀಪ ಕಣೇ."

"ಕದ್ದ ಬಸ್ಸಪ್ಪಾ ಅದು!"

"ಕದ್ದಿದ್ದು ನಿನ್ನ ಆಟದ ಕಳ್ಳ. ಓಡಿಸ್ತಿರೋದು ನಾನು."

ದೀಪಕ್ಕೆ ನಿಂತವನನ್ನು ಪೊಲೀಸರು ಹಿಡಿಯದೆ ಹಾರ ಹಾಕುತ್ತಾರೆಯೇ? ಸಿಕ್ಕಿಬಿದ್ದ, ಬಿಡಿಸಿಕೊಂಡ, ಮತ್ತೆ ಬಸ್ಸು ಹತ್ತಿದ. ನೊರೀನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಪ್ಪನ ಬಾಯಲ್ಲಿ ಅಷ್ಟು ಮಾತು ಕೇಳಿ ಎಷ್ಟು ಕಾಲವಾಗಿತ್ತು! ಒದ್ದೆ ರಸ್ತೆಯಲ್ಲಿ ಬಸ್ಸಿನ ಹಿಂಭಾಗ ಜಾರುವುದನ್ನು ಅವನೂ ಮೆಚ್ಚಿದ. ಅದನ್ನು ಅವಳು ಗುಣದ ಕಡೆಗೆ ಬರೆದುಕೊಂಡಳು.

ಆದರೆ ಪ್ರತಿ ನಿಲ್ದಾಣದಲ್ಲೂ ಅವನು ನಿಲ್ಲಿಸಿ ಕಾಯುತ್ತಿದ್ದ. ಯಾರೂ ಹತ್ತುತ್ತಿರಲಿಲ್ಲ, ಹಾರ್ನ್ ಹೊಡೆದರೆ ಕಿರುಚಿ ಓಡುತ್ತಿದ್ದರು. ಆ ಊರಿನ ಜನರನ್ನು ಗುದ್ದಬಹುದಿತ್ತು, ಮನೆಗೆ ಮುಟ್ಟಿಸುವಂತಿರಲಿಲ್ಲ.

ವಾರ ಕಳೆಯುವುದರೊಳಗೆ ಅಪ್ಪ ಆಟದ ಕಂಟ್ರೋಲರನ್ನು ಕೆಳಗಿಟ್ಟ. "ಚೆನ್ನಾಗಿದೆ ಕಣೇ. ಆದ್ರೆ ಖಾಲಿ ಬಸ್ಸು ಓಡಿಸ್ತಾ ಕೂರೋಕೆ ನನ್ನ ಕೈಲಾಗಲ್ಲ. ತಗೊಂಡು ಹೋಗು."

ನೊರೀನ್ ಅದನ್ನು ಮುಟ್ಟಲಿಲ್ಲ. ಮತ್ತೆ ಆ ಕುರ್ಚಿ, ಮತ್ತೆ ಆ ಮೌನ.

"ಕೊನೇದೊಂದು ಟ್ರಿಪ್ ಹೊಡಿಯಪ್ಪಾ, ನನಗೋಸ್ಕರ," ಎಂದು ಗೋಗರೆದು, ತನ್ನ ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆ ಸೇರಿದಳು. ಇಬ್ಬರು ಕೂಡಿ ಆಡಬಹುದಾದ ಆಟ ಅದು. ಅವಳೂ ಅದೇ ಊರಿಗೆ ಹೊಕ್ಕು, ಹಳದಿ ಕೋಟು ತೊಟ್ಟು, ಅವನ ದಾರಿಯ ನಿಲ್ದಾಣದಲ್ಲಿ ನಿಂತಳು.

ಬಸ್ಸು ಬಂತು, ನಿಂತಿತು. ಹಳದಿ ಕೋಟಿನವಳು ಓಡಲಿಲ್ಲ, ಹತ್ತಿ ಕುಳಿತಳು.

ಮುಂದಿನ ಕೋಣೆಯಲ್ಲಿ ಕುರ್ಚಿ ಕಿರುಗುಟ್ಟಿತು. "ಹುಷಾರಮ್ಮಾ, ಗಟ್ಟಿಯಾಗಿ ಹಿಡ್ಕೋ," ಎಂದ ಅಪ್ಪ. ತಿರುವುಗಳಲ್ಲಿ ಬಸ್ಸು ಮೆತ್ತಗೆ ಹೋಯಿತು, ಹಿಂಭಾಗ ಒಮ್ಮೆಯೂ ಜಾರಲಿಲ್ಲ.

ನದಿ ದಂಡೆಯಲ್ಲಿ ಇಳಿದಳು. ಪಿಟ್ಸ್‌ಬರ್ಗಿನಲ್ಲಿ ಡ್ರೈವರನಿಗೆ ಒಂದು ಮಾತು ಹೇಳದೆ ಬಸ್ಸಿಳಿಯುವವರಿಲ್ಲ; ಎಳೆಯ ಮಕ್ಕಳಿಗೂ ಅದು ರೂಢಿ. ಅಡುಗೆಮನೆಯಿಂದ ಅವಳ ಬಾಯಿ ತಾನಾಗಿ ಕೂಗಿತು:

"ಥ್ಯಾಂಕ್ಸ್, ಡ್ರೈವರ್!"

ಅಯ್ಯೋ, ಗುಟ್ಟು ಬಿಟ್ಟುಕೊಟ್ಟೆನಲ್ಲಾ ಎಂದು ನಾಲಿಗೆ ಕಚ್ಚಿಕೊಂಡಳು. ಆಚೆ ಕಡೆ ಅಪ್ಪ ಮೂಗೆಳೆದುಕೊಳ್ಳುವುದು ಕೇಳಿಸಿತು.

"ನಾಳೇನೂ ಇದೇ ಹೊತ್ತಿಗೆ ಬರ್ತೀನಮ್ಮಾ," ಎಂದ. "ಲೇಟ್ ಮಾಡ್ಬೇಡ. ನಾನು ಯಾರಿಗೂ ಕಾಯೋನಲ್ಲ."