ಇಪ್ಪತ್ತೆಂಟು ಹೊಲಗಳ ಶಾಂತರಾಜು

ಶಾಂತರಾಜು ನಡೆಯುವಾಗ ನೆಲ ನೋಡುತ್ತಿರಲಿಲ್ಲ. ಗುಂಡ್ಲುಪೇಟೆ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲೂ, ಹಂಗಳದ ಹೊಲಗಳ ಬದುವಿನ ಮೇಲೂ, ಗದ್ದ ಮುಂದೆ ಚಾಚಿ ಕತ್ತು ಹಿಂದಕ್ಕೆ ವಾಲಿಸಿ, ಮನೆಯ ತಾರಸಿ, ಬೀದಿದೀಪದ ಕಂಬ, ಹೊಲದ ಮೂಲೆಯ ಸೋಲಾರ್ ಪ್ಯಾನಲ್ಲು, ಹೀಗೆ ತಲೆಗಿಂತ ಎತ್ತರದಲ್ಲಿರುವುದನ್ನೇ ನೋಡುತ್ತ ನಡೆಯುತ್ತಿದ್ದ. ಅವನ ಹೆಬ್ಬೆರಳ ಉಗುರುಗಳು ವರ್ಷವಿಡೀ ಒಡೆದಿರುತ್ತಿದ್ದವು. ಸತ್ತ ದಿನ ಮನೆ ಮುಂದೆ ಸೇರಿದವರಲ್ಲಿ ಇಬ್ಬರು ಅದನ್ನೇ ಆಡಿಕೊಂಡರು: ಕೆಳಗೆ ನೋಡುವ ಅಭ್ಯಾಸವೇ ಇರಲಿಲ್ಲ, ಬಿದ್ದ. ಆ ಮಾತು ಕೇಳಿದ ಸಿಟ್ಟಿನಲ್ಲೇ ಇದನ್ನು ಬರೆಯಲು ಕೂತಿದ್ದೇನೆ.

ನಾವಿಬ್ಬರೂ ಹಂಗಳದ ಒಂದೇ ಬೀದಿಯವರು. ನಾನು ಗುಂಡ್ಲುಪೇಟೆಯಲ್ಲಿ ಪಾಠ ಹೇಳುವ ಮೇಷ್ಟ್ರಾದೆ, ಅವನು ಐಟಿಐ ಮುಗಿಸಿ ಮೋಟಾರು ರಿಪೇರಿಗೆ ಕೂತ. ಐದು ವರ್ಷದ ಹಿಂದೆ ಸರ್ಕಾರದ ಸಹಾಯಧನದಲ್ಲಿ ಊರಿನ ಸುತ್ತ ಇಪ್ಪತ್ತೆಂಟು ಹೊಲಗಳಿಗೆ ಸೋಲಾರ್ ಪಂಪು ಬಂದವು. ಗುತ್ತಿಗೆ ಹಿಡಿದ ಕಂಪನಿಯವರು ಪ್ಯಾನಲ್ಲು ನಿಲ್ಲಿಸಿ, ರಿಬ್ಬನ್ ಕತ್ತರಿಸಿದ ಫೋಟೋ ತೆಗೆದುಕೊಂಡು ಹೋದವರು ತಿರುಗಿ ಬರಲಿಲ್ಲ. ಆ ಇಪ್ಪತ್ತೆಂಟನ್ನೂ ನೋಡಿಕೊಳ್ಳುವ ಕೆಲಸವನ್ನು ಶಾಂತರಾಜು ತಾನೇ ಮೈಮೇಲೆ ಎಳೆದುಕೊಂಡ. ಯಾರೂ ಅವನನ್ನು ನೇಮಿಸಿರಲಿಲ್ಲ. ಬಸ್ ಕಂಡಕ್ಟರ್ ಆಗಿದ್ದ ಅಣ್ಣನ ಹಳೆಯ ಖಾಕಿ ಕೋಟು ತೊಟ್ಟು, ಒಂದು ಜೇಬಿನಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಒದ್ದೆ ಬಟ್ಟೆ ತುರುಕಿ, ಮೊಪೆಡ್ಡಿಗೆ ಬಿದಿರಿನ ಗಳವೊಂದನ್ನು ಕಟ್ಟಿಕೊಂಡು ಹೊರಡುತ್ತಿದ್ದ. ಒದ್ದೆ ಬಟ್ಟೆಯ ಕಡೆಯ ಜೇಬು ಸದಾ ಜೋತುಬಿದ್ದು ಕೋಟು ಒಂದು ಪಕ್ಕಕ್ಕೆ ಎಳೆದಿರುತ್ತಿತ್ತು. ಎದುರು ಸಿಕ್ಕವರನ್ನು ಊಟವಾಯಿತೇ ಎಂದು ಕೇಳಿದವನಲ್ಲ. ಅವನ ಮೊದಲ ಮಾತು ಒಂದೇ: "ಒರ್ಸಿದ್ಯಾ?" ನನ್ನ ಮಗಳ ಮದುವೆಗೆ ಬಂದವನು ಅಕ್ಷತೆ ಹಾಕಿ ಕೆಳಗಿಳಿದು, ಬೀಗರನ್ನು ಕಂಬದ ಮರೆಗೆ ಕರೆದು, ಅವರ ತಾರಸಿಯ ಸೋಲಾರ್ ಹೀಟರನ್ನು ಯಾವಾಗ ಒರೆಸಿದಿರಿ ಎಂದು ವಿಚಾರಿಸಿದ್ದ.

ಗುರುಮಲ್ಲಮ್ಮನ ಹೊಲದ ಪಂಪಿನಲ್ಲಿ ನೀರು ಬರುತ್ತಿಲ್ಲ ಎಂದಾಗ ನಾನೂ ಅವನ ಹಿಂದೆ ಹೋಗಿದ್ದೆ. ಹೋಗಿ ನೋಡಿದರೆ ಆಯಮ್ಮ ಪ್ಯಾನಲ್ಲಿನ ಮೇಲೆ ಹಳೆ ಸೀರೆ ಹಾಸಿ ಸಾಲುಸಾಲಾಗಿ ಸಂಡಿಗೆ ಇಟ್ಟಿದ್ದಾಳೆ. ಕೋಳಿ ಹತ್ತುವುದಿಲ್ಲ, ಮಣ್ಣು ಹಾರುವುದಿಲ್ಲ, ಬಿಸಿಲು ನೇರ ಬೀಳುತ್ತದೆ. ಶಾಂತರಾಜು ಗದರಿದ. ಅವಳು ಜಗ್ಗಲಿಲ್ಲ.

"ಗೌರ್ಮೆಂಟ್ನೋರು ಇದೊಂದ್ ಕೆಲ್ಸಕ್ಕೆ ಬರೋದ ಕೊಟ್ಟವ್ರ ಕಣಪ್ಪ. ಅದ್ಕೂ ಕಲ್ಲಾಕ್ಬೇಡ, ಬುಡು."

ಅವನು ಸೀರೆಯನ್ನು ಸಂಡಿಗೆಯ ಸಮೇತ ಹುಷಾರಾಗಿ ಇಳಿಸಿದ. ಕೊಳವೆಯಲ್ಲಿ ನೀರು ತೋಳುದಪ್ಪ ಬಂತು. ಆಮೇಲೆ ಜೇಬಿನ ಬಟ್ಟೆ ತೆಗೆದು ಪ್ಯಾನಲ್ಲುಗಳ ಅಂಚಿಗೆ ಹರಡಿದ. ನೀರು ನೋಡನೋಡುತ್ತಿದ್ದಂತೆ ಬೆರಳುದಪ್ಪಕ್ಕೆ ಇಳಿಯಿತು. ತೆಗೆದ, ಮತ್ತೆ ತೋಳುದಪ್ಪ. ಅಷ್ಟು ನೆರಳಿಗೆ ಇಷ್ಟು ನೀರು ಹೋಗುತ್ತದೆ, ಹಕ್ಕಿ ಹಿಕ್ಕೆಗೂ ರಸ್ತೆಯ ಧೂಳಿಗೂ ಇದೇ ಲೆಕ್ಕ ಎಂದು ಅವನು ಬಾಯಲ್ಲಿ ಹೇಳಬೇಕಾಗಲೇ ಇಲ್ಲ. ಗುರುಮಲ್ಲಮ್ಮ ಸಂಡಿಗೆಯನ್ನು ಮನೆಯ ಮಾಳಿಗೆಗೆ ಸಾಗಿಸಿದಳು. ಪ್ರತಿ ಬೇಸಿಗೆಯಲ್ಲೂ ಅವನ ಮನೆಗೆ ಒಂದು ಡಬ್ಬ ಸಂಡಿಗೆ ಬರತೊಡಗಿತು.

ನಾನು ಪತ್ರಿಕೆ ಓದುವವನು. ಅವನ ಜೊತೆ ವಾದಕ್ಕಿಳಿಯುತ್ತಿದ್ದೆ. ಆಷಾಢದ ಮೋಡದಲ್ಲಿ ಏನು ಮಾಡುತ್ತೀಯ ಎಂದು ಕೆಣಕಿದರೆ, ಮೋಡ ಮುಚ್ಚಿದರೆ ನೀರು ಕಮ್ಮಿಯೇ, ಸುಳ್ಳು ಹೇಳಲಾಗದು, ಲೈನಿನ ಕರೆಂಟೂ ಇರಲಿ ಎಂದು ಒಪ್ಪಿಕೊಳ್ಳುತ್ತಿದ್ದ. ಅವನಿಗೆ ಭೂಮಿಯ ತಾಪದ ಚಿಂತೆಗಿಂತ ಮೊದಲು ನಮ್ಮೂರ ರೈತ ಪುಟ್ಟಮಾದುವಿನ ಅಣ್ಣನ ನೆನಪಿತ್ತು. ನಮ್ಮ ಕಾಡಂಚಿನಲ್ಲಿ ಪಂಪಿಗೆ ತ್ರೀಫೇಸ್ ಕರೆಂಟು ಕೊಡುತ್ತಿದ್ದದ್ದು ಹೆಚ್ಚಾಗಿ ಕತ್ತಲಾದ ಮೇಲೆ. ಸ್ಟಾರ್ಟರ್ ಒತ್ತಲು ಹೋದ ಆ ಮನುಷ್ಯನನ್ನು ಆನೆ ತುಳಿದಿತ್ತು.

"ಕರೆಂಟು ರಾತ್ರಿ ಬತ್ತದ, ಆನೇನೂ ರಾತ್ರಿ ಬತ್ತದ, ಬಿಸ್ಲು ಅಗಲೊತ್ತು ಬತ್ತದ," ಎಂದಿದ್ದ ಶಾಂತರಾಜು. "ಇದ್ರಲ್ಲಿ ಓದಿ ತಿಳ್ಕಳದೇನದ್ಲಾ ಮೇಷ್ಟ್ರೇ?"

ಓದಿ ತಿಳಿದವರು ಚಾಮರಾಜನಗರದಲ್ಲಿ ಸಭೆ ಕರೆದರು. ಪರದೆಯ ಮೇಲೆ ಬಣ್ಣದ ಗೆರೆಗಳನ್ನು ತೋರಿಸುತ್ತ ಒಬ್ಬ ಅಧಿಕಾರಿ, ಜಿಲ್ಲೆಯಲ್ಲಿ ಈ ಪಂಪುಗಳ ನೀರು ಎರಡೇ ವರ್ಷಕ್ಕೆ ಅರ್ಧಕ್ಕಿಳಿದಿದೆ, ಈ ತಂತ್ರಜ್ಞಾನ ಇನ್ನೂ ಪಕ್ವವಾಗಿಲ್ಲ, ಸರ್ಕಾರ ಇದಕ್ಕೆ ಹಣ ಸುರಿಯುವುದು ಎಷ್ಟು ಸರಿ ಎಂದು ಕೇಳಿದರು. ಹಿಂದಿನ ಸಾಲಿನಲ್ಲಿ ಶಾಂತರಾಜು ಎದ್ದು ನಿಂತ. ಎಂದಿನಂತೆ ಅವನ ಕಣ್ಣು ಚಾವಣಿಯ ಮೇಲಿತ್ತು.

"ಸಾ, ಒರ್ಸಿದ್ರಾ?"

ಸಭೆ ನಕ್ಕಿತು. ಅಧಿಕಾರಿಯೂ ನಕ್ಕು, ಕೂತುಕೊಳ್ಳಪ್ಪ ಎಂದರು. ನಾನು ಪಕ್ಕದಲ್ಲೇ ಕೂತಿದ್ದೆ. ನಾನೂ ನಕ್ಕೆ ಎಂಬುದನ್ನು ಈಗ ಬರೆಯದೆ ಇರಲಾರೆ.

ಹೋಬಳಿಗೊಬ್ಬ ಮೆಕ್ಯಾನಿಕ್ ಬೇಕು ಎಂಬುದು ಅವನ ಅಹವಾಲು. ತನಗೇ ಆ ಕೆಲಸ ಕೊಡಲಿ ಎಂದಲ್ಲ, ಯಾರಿಗಾದರೂ ಕೊಡಲಿ, ಸಂಬಳ ಕೊಟ್ಟು ಇಡಲಿ. ಅರ್ಜಿ ಬರೆದವನು ನಾನು. ಸೂರ್ಯಶಕ್ತಿಯ ಮಹಿಮೆ, ಮುಂದಿನ ಪೀಳಿಗೆಯ ಹಿತ ಎಂದೆಲ್ಲ ಎರಡು ಪುಟ ತುಂಬಿಸಿದ್ದೆ. ಅವನು ಪೂರ್ತಿ ಓದಿಸಿಕೊಂಡು, ಒಂದು ಸಾಲು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೊಡೆದುಹಾಕಿಸಿದ: ಕೊಟ್ಟದ್ದನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ. ನಾಲ್ಕು ವರ್ಷದಲ್ಲಿ ಆ ಸಾಲು ಏಳು ಸಲ ಕಚೇರಿ ಸೇರಿತು. ಒಂದಕ್ಕೂ ಉತ್ತರವಿಲ್ಲ.

ಈ ಮಾರ್ಚಿನಲ್ಲಿ ಸುದ್ದಿ ಬಂತು: ಯೋಜನೆ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ತೀರ್ಮಾನಿಸಲು ಬೆಂಗಳೂರಿನಿಂದ ಸಮಿತಿಯೊಂದು ಹೊಲಗಳನ್ನೇ ನೋಡಲು ಬರಲಿದೆ. ಆ ವಾರವೇ ರಸ್ತೆ ಅಗಲ ಮಾಡುವ ಕೆಲಸ ನಡೆದು ಎಲ್ಲ ಪ್ಯಾನಲ್ಲುಗಳೂ ಕೆಮ್ಮಣ್ಣು ಹೊದ್ದಿದ್ದವು. ನಾನು ಬುದ್ಧಿವಂತಿಕೆಯ ಸಲಹೆ ಕೊಟ್ಟೆ. ಒರೆಸಬೇಡ, ಹಾಗೇ ಬಿಡು, ಕೊಳೆ ಕಣ್ಣಾರೆ ಕಂಡರೆ ನೋಡಿಕೊಳ್ಳುವವನೊಬ್ಬ ಬೇಕೆಂದು ಅವರಿಗೆ ತಾನಾಗಿ ಹೊಳೆಯುತ್ತದೆ ಎಂದೆ.

ಅವನು ಬಟ್ಟೆ ಹಿಂಡಿ ಜೇಬಿಗೆ ತುರುಕಿಕೊಂಡ.

"ಕೊಳೆ ಕಂಡ್ರೆ ಒರ್ಸೋನು ಬೇಕು ಅನ್ನಕಿಲ್ಲ ಕಣ್ಲಾ ಅವ್ರು, ಸೋಲಾರೇ ಬ್ಯಾಡ ಅಂತರ. ಇವ್ರೆಲ್ಲ ತಿರ್ಗಾ ರಾತ್ರಿ ಕರೆಂಟ್ಗೆ ಓಗ್ಬೇಕಾಯ್ತದ. ಮೆಕ್ಯಾನಿಕ್ ಮಾತು ಆಮೇಕಾಗ್ಲಿ."

ನಾಲ್ಕು ದಿನ ಹೊಲದಿಂದ ಹೊಲಕ್ಕೆ ಓಡಾಡಿ ಒರೆಸಿದ. ನನ್ನನ್ನೂ ಕರೆದ. ಉತ್ತರಪತ್ರಿಕೆ ತಿದ್ದುವ ಕೆಲಸವಿದೆ ಎಂದೆ, ಇತ್ತು ಕೂಡ. ಇಪ್ಪತ್ತೆಂಟನೆಯದು ಕಾಡಿಗೆ ಅಂಟಿಕೊಂಡ ಪುಟ್ಟಮಾದುವಿನ ಹೊಲ. ಕಾಡುಹಂದಿ ಮುಟ್ಟದಿರಲೆಂದು ಅಲ್ಲಿ ಪ್ಯಾನಲ್ಲನ್ನು ಎರಡಾಳೆತ್ತರದ ಕಬ್ಬಿಣದ ಅಟ್ಟಣೆಯ ಮೇಲೆ ಕೂರಿಸಿದ್ದಾರೆ. ಗಳ ಎಟಕುವುದಿಲ್ಲ, ಹತ್ತಲೇಬೇಕು. ನಾಲ್ಕು ಬೋಲ್ಟ್ ಹಾಕಬೇಕಾದ ಮೆಟ್ಟಿಲಿಗೆ ಕಂಪನಿಯವರು ಎರಡು ಹಾಕಿದ್ದರು. ಆ ಅಳತೆಯ ಬೋಲ್ಟು ಪೇಟೆಯಲ್ಲಿ ಸಿಗುವುದಿಲ್ಲ, ಕಂಪನಿಯವರೇ ಕೊಡಬೇಕು ಎಂದು ಅವನು ಐದು ವರ್ಷದಿಂದ ಹೇಳುತ್ತಲೇ ಬಂದಿದ್ದ. ಒರೆಸಿ ಮುಗಿಸಿ ಇಳಿಯುವಾಗ ಆ ಮೆಟ್ಟಿಲು ಕಿತ್ತು ಬಂತು. ಕೊಳವೆಬಾವಿಯ ಸಿಮೆಂಟು ಕಟ್ಟೆಗೆ ತಲೆ ಬಡಿಯಿತು. ಮೈಸೂರು ತಲುಪುವ ಮೊದಲೇ, ಹೆಂಡತಿ ಭಾನುವಿನ ತೊಡೆಯ ಮೇಲೆ ಪ್ರಾಣ ಹೋಯಿತು. ಅವನು ಬಿದ್ದದ್ದು ಕೆಳಗೆ ನೋಡದೆ ಅಲ್ಲ. ಹಾಗೆನ್ನುವವರು ಆ ಅಟ್ಟಣೆಯ ಹತ್ತಿರ ಬರಲಿ, ಉಳಿದ ಎರಡು ಖಾಲಿ ತೂತುಗಳನ್ನು ಬೆರಳಿಟ್ಟು ತೋರಿಸುತ್ತೇನೆ.

ಅವನು ಸತ್ತ ಮೂರನೆಯ ದಿನ ಸಮಿತಿ ಬಂತು. ಅಂದು ಎಲ್ಲ ಹೊಲಗಳಲ್ಲೂ ನೀರು ತೋಳುದಪ್ಪ ಸುರಿಯುತ್ತಿತ್ತು. ಪುಟ್ಟಮಾದುವಿನ ಕೊಳವೆಯಡಿ ಒಬ್ಬರು ಮುಖ ತೊಳೆದುಕೊಂಡು, ಐದು ವರ್ಷದ ಪಂಪು ಇಷ್ಟು ಚೆನ್ನಾಗಿದೆಯಲ್ಲ ಎಂದು ಮೆಚ್ಚಿ, ರಿಪೇರಿಗೆ ಏನಾದರೂ ತೊಂದರೆ ಇದೆಯೇ ಎಂದು ಕೇಳಿದರಂತೆ.

"ಒರ್ಸೋನು ಸತ್ತೋದ ಸಾ," ಎಂದಿದ್ದಾನೆ ಪುಟ್ಟಮಾದು. "ಇಲ್ಲೇ, ನೀವು ನಿಂತಿರೋ ತಾವೇ."

ಅವರು ಎರಡು ಹೆಜ್ಜೆ ಸರಿದು ನಿಂತು, ಜೀಪು ತಿರುಗಿಸಲು ಜಾಗ ಎಲ್ಲಿದೆ ಎಂದು ಕೇಳಿದರಂತೆ.

ವರದಿಯ ಪ್ರತಿ ನನ್ನ ಮೇಜಿನ ಮೇಲಿದೆ. ಯೋಜನೆ ಯಶಸ್ವಿಯಾಗಿದೆ, ಸರ್ಕಾರದ ಬೆಂಬಲಕ್ಕೆ ಅರ್ಹವಾಗಿದೆ, ತಾಲ್ಲೂಕಿಗೆ ಇನ್ನೂ ಇನ್ನೂರು ಪಂಪು ಕೊಡಬಹುದು. ಅಷ್ಟು ಓದಿ ಅವನ ಪರವಾಗಿ ಹಿಗ್ಗಿದೆ. ಅದರ ಕೆಳಗಿನ ಸಾಲು: "ಘಟಕಗಳು ಸುಸ್ಥಿತಿಯಲ್ಲಿದ್ದು, ಪ್ರತ್ಯೇಕ ನಿರ್ವಹಣಾ ಸಿಬ್ಬಂದಿಯ ಅಗತ್ಯ ಕಂಡುಬಂದಿಲ್ಲ." ಆ ವಾಕ್ಯವನ್ನು ಎಷ್ಟು ಸಲ ಓದಿದೆನೋ ತಿಳಿಯದು. ಅವನ ಕೈ ಒರೆಸಿದ ಗಾಜನ್ನು ನೋಡಿ, ಅವನಂಥವನು ಬೇಡ ಎಂದು ಬರೆದಿದ್ದಾರೆ.

ಬಿಸಿಲಿನ ಪಂಪು ಪಕ್ವವಾಗಿದೆಯೇ ಎಂದು ಕೇಳುವವರ ಮೇಲೂ, ಪಕ್ವವಾಗಿದೆ ಎಂದು ರಿಬ್ಬನ್ ಕತ್ತರಿಸಿ ಹೊರಡುವವರ ಮೇಲೂ ನನಗೆ ಈಗ ಒಂದೇ ಸಿಟ್ಟು. ನಲ್ಲಿಗೆ ವಾಷರ್ ಹಾಕುವವನು, ಶಾಲೆಯ ಸೋರುವ ಹೆಂಚು ಸರಿಸುವವನು, ಪ್ಯಾನಲ್ಲು ಒರೆಸುವವನು, ಇಂಥ ಒಬ್ಬರು ಪ್ರತಿ ಊರಿನಲ್ಲೂ ಇರುತ್ತಾರೆ. ಸರ್ಕಾರದ ಪ್ರತಿಯೊಂದು ಯಶಸ್ಸೂ ಅವರ ಹೆಗಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತದೆ. ಅವರು ಕೆಲಸ ಮಾಡಿದರೆ ಕೆಲಸವೇ ಇರಲಿಲ್ಲ ಎಂದು ಬರೆಯುತ್ತಾರೆ. ಮಾಡದೆ ಹೋದರೆ ಬಿಸಿಲೇ ಸರಿಯಿಲ್ಲ ಎಂದು ಬರೆಯುತ್ತಾರೆ. ಎರಡು ವರದಿಯಲ್ಲೂ ಅವರ ಹೆಸರಿಗೆ ಜಾಗವಿರುವುದಿಲ್ಲ. ಹಂಗಳದ ರಸ್ತೆ ಕೆಲಸ ಇನ್ನೂ ಮುಗಿದಿಲ್ಲ. ಗುರುಮಲ್ಲಮ್ಮನ ಹೊಲದಲ್ಲಿ ನೀರು ಈಗಾಗಲೇ ಬೆರಳುದಪ್ಪಕ್ಕೆ ಇಳಿದಿದೆ.