ಇನ್ನೂರ ಹನ್ನೆರಡನೇ ಮೊಳೆ

ಕೆಲವರ ಮನೆಯ ಗೋಡೆಯಲ್ಲಿ ಅಜ್ಜನ ಪಟ ಇರುತ್ತದೆ, ಕೆಲವರ ಮನೆಯಲ್ಲಿ ಗಡಿಯಾರ. ಆ ಮನೆಯಲ್ಲಿ ಬಾಗಿಲ ಪಕ್ಕದ ಮೊಳೆಗೆ ಒಂದು ಹಿತ್ತಾಳೆ ಬಿಲ್ಲೆ ನೇತಾಡುತ್ತಿತ್ತು. ಅಂಗೈಗಿಂತ ಚಿಕ್ಕದು, ಮೇಲೊಂದು ತೂತು, ನಡುವೆ ಕೊರೆದ ಅಂಕಿ: ಇನ್ನೂರ ಹನ್ನೆರಡು. ಅಪ್ಪ ಪ್ರತಿ ಭಾನುವಾರ ಅದನ್ನು ಇಳಿಸಿ, ಬೂದಿ ಹಚ್ಚಿ ಉಜ್ಜಿ, ಹಳೇ ಅಂಗಿಯ ತುಂಡಿನಿಂದ ಒರೆಸಿ ಮತ್ತೆ ನೇತುಹಾಕುತ್ತಿದ್ದ. ಹೆಂಡತಿ ಮಕ್ಕಳ ಮೇಲೆ ಅಷ್ಟು ಅಕ್ಕರೆ ತೋರಿಸಿದ ಮನುಷ್ಯನಲ್ಲ.

ಚಿಕ್ಕ ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಥೆ ಹೇಳೆಂದು ಪೀಡಿಸುತ್ತಿದ್ದಳು. ಕಥೆ ಉದ್ದದ್ದೇನಲ್ಲ. ಅಪ್ಪ ಬೇರೊಂದು ಊರಿನ ದೊಡ್ಡ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸಕ್ಕಿದ್ದ; ಬಿಲ್ಲೆಯ ಮೇಲಿದ್ದದ್ದು ಅಲ್ಲಿ ಅವನ ನಂಬರು. ಅವಳಿಗೆ ಮೂರು ವರ್ಷವಿದ್ದಾಗ ಅಲ್ಲಿ ಮುಷ್ಕರವಾಯಿತು. ಕೊನೆಗೆ ಕಾರ್ಮಿಕರು ಸೋತು, ತಲೆತಗ್ಗಿಸಿ ಕೆಲಸಕ್ಕೆ ಮರಳಿದರು. ಅಪ್ಪ ಗಂಟುಮೂಟೆ ಕಟ್ಟಿ ಊರನ್ನೇ ಬಿಟ್ಟು ಬಂದ.

"ನಲವತ್ತೊಂದು ದಿನ ಈ ಬಿಲ್ಲೆ ನನ್ನ ಜೇಬು ಬಿಟ್ಟು ಅಲ್ಲಾಡ್ಲಿಲ್ಲ ಮಗಳೇ," ಎನ್ನುತ್ತಿದ್ದ.

ಅಷ್ಟೇ ಹೇಳುತ್ತಿದ್ದ. ಉಳಿದದ್ದನ್ನು ಮಗಳೇ ತುಂಬಿಕೊಂಡಳು. ಎಲ್ಲರೂ ಬಿಲ್ಲೆಯನ್ನು ಮಾಲೀಕನಿಗೆ ಒಪ್ಪಿಸಿ ಶರಣಾದರು, ಅಪ್ಪ ಒಬ್ಬನೇ ಒಪ್ಪಿಸಲಿಲ್ಲ ಎಂದು ಅವಳು ಹೇಳಿದಾಗ ಅಪ್ಪ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ, ಉಜ್ಜುತ್ತಲೇ ಇದ್ದ. ಕಥೆ ಶುರುವಾದರೆ ಸಾಕು, ಅಮ್ಮ ಏನೋ ನೆನಪಾದವಳಂತೆ ಎದ್ದು ಆಚೆ ಹೋಗುತ್ತಿದ್ದಳು. ಆರು ವರ್ಷ ದೊಡ್ಡವಳಾದ ಅಕ್ಕ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ.

ಇಂಥ ಕಥೆ ಕೇಳಿ ಬೆಳೆದವಳು ಇನ್ನೇನಾದಾಳು? ಮೂವತ್ತೆಂಟನೇ ವಯಸ್ಸಿನ ಹೊತ್ತಿಗೆ ಅವಳು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ, ಹಾಳೆ ಕತ್ತರಿಸುವ ಯಂತ್ರದ ಮುಂದೆ ಹದಿನಾರು ವರ್ಷ ನಿಂತಿದ್ದಳು. ಗಿಡ್ಡ ಆಳು, ತೆಳ್ಳನೆ ಮೈ, ಗೀರಿದರೆ ಹೊತ್ತಿಕೊಳ್ಳುವ ಬಾಯಿ. ಜೊತೆಯವರು ಇಟ್ಟ ಹೆಸರು ಬೆಂಕಿಪೊಟ್ಟಣ. ಮೇಲ್ವಿಚಾರಕ ಯಾರನ್ನಾದರೂ ಏಕವಚನದಲ್ಲಿ ಕರೆದರೆ ಯಂತ್ರ ನಿಲ್ಲಿಸಿ ಹೋಗಿ ಕೇಳುವವಳು ಅವಳೇ. ಎಲ್ಲಿಂದ ಬಂತಮ್ಮಾ ಈ ಧೈರ್ಯ ಎಂದರೆ, ಅಪ್ಪನಿಂದ ಎನ್ನುತ್ತಿದ್ದಳು.

ಆ ವರ್ಷ ಮಾಲೀಕರು ಹಳಬರನ್ನು ಒಬ್ಬೊಬ್ಬರಾಗಿ ಬಿಡಿಸಿ ಗುತ್ತಿಗೆಯವರನ್ನು ತರಲು ಹೊರಟಿದ್ದರು. ಅದೇ ಹೊತ್ತಿಗೆ ಸಂಘದ ಕಾರ್ಯದರ್ಶಿಯ ಚುನಾವಣೆ ಬಂತು. ಒಂದು ಕಡೆ ಇವಳು, ಇನ್ನೊಂದು ಕಡೆ ಅಂಟು ವಿಭಾಗದವನೊಬ್ಬ, ಎಲ್ಲರ ಬಾಯಲ್ಲಿ ಮೀಸೆ. ಮೀಸೆಯದು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಸ್ವಭಾವ. ಮಾತಾಡಿ ನೋಡೋಣ, ಅರ್ಧ ಕೊಟ್ಟರೆ ಅರ್ಧ ಉಳಿಸೋಣ ಎನ್ನುತ್ತಿದ್ದ. ಅವನ ಅಪ್ಪ ಜೀವಮಾನವೆಲ್ಲ ಇದೇ ಮಾಲೀಕರ ಕಾರು ಓಡಿಸಿದವನು. ಬೆಂಕಿಪೊಟ್ಟಣ ಅದನ್ನು ಬಿಟ್ಟಾಳೆಯೇ? "ಕಾರಿನ ಬಾಗಿಲು ತೆಗೆದು ನಿಲ್ತಿದ್ದೋರ ಮಗ ಇನ್ನೇನು ಹೇಳ್ತಾನೆ? ಹುಟ್ಟುಗುಣ ಸುಟ್ಟರೂ ಹೋಗಲ್ಲ," ಎಂದು ಊಟದ ಕೋಣೆಯಲ್ಲಿ ಎಲ್ಲರೆದುರು ಹೇಳಿದಳು. ಜನ ಬಿದ್ದು ಬಿದ್ದು ನಕ್ಕರು. ಮೀಸೆಯೂ ನಕ್ಕ, ಆದರೆ ಊಟದ ಡಬ್ಬಿಯ ಮುಚ್ಚಳ ಹಾಕಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅವಳ ತಲೆಯಲ್ಲಿ ಒಂದು ಉಪಾಯವಿತ್ತು. ಅಪ್ಪನ ಹಳೇ ಕಾರ್ಖಾನೆಯ ಮುಷ್ಕರ ಇಂದಿಗೂ ಹೆಸರುವಾಸಿ. ಅದರಲ್ಲಿದ್ದ ಹಿರಿಯರನ್ನು ಹುಡುಕಿ ಚುನಾವಣೆಯ ಸಭೆಗೆ ಕರೆಸಿ, ಮುಂದಿನ ಸಾಲಿನಲ್ಲಿ ಕೂರಿಸಿ, ಅವರೆದುರು ಬಿಲ್ಲೆ ತೋರಿಸಬೇಕು. ತಾನು ಯಾರ ಮಗಳೆಂದು ಮೊದಲೇ ಹೇಳುವುದು ಬೇಡ, ವೇದಿಕೆಯ ಮೇಲೆಯೇ ತಿಳಿಯಲಿ. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದ ಎಂದುಕೊಂಡಳು. ಪಾಪ.

ಸಭೆಯ ಹಿಂದಿನ ದಿನ ಅಕ್ಕನ ಮನೆಗೆ ಹೋಗಿ ಇದನ್ನೆಲ್ಲ ಹೇಳಿದಳು. ಅಕ್ಕ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ. ಯಾವ ಸಂಘಕ್ಕೂ ಸೇರಿದವಳಲ್ಲ, ಯಾವ ಮನವಿಗೂ ಸಹಿ ಹಾಕಿದವಳಲ್ಲ, ವೋಟಿನ ದಿನ ಮನೆಯಲ್ಲಿ ಬಟ್ಟೆ ಒಗೆಯುತ್ತಾಳೆ. ಅಡ್ಡಗೋಡೆ ಮೇಲೆ ದೀಪ ಎಂದು ತಂಗಿ ಅವಳನ್ನು ಆಡಿಕೊಳ್ಳುತ್ತಿದ್ದಳು. ಅಂದೂ ಅಕ್ಕ ಎಂದಿನಂತೆ ಅಡುಗೆಮನೆಯ ಕಿಟಕಿ ಭದ್ರವಾಗಿ ಮುಚ್ಚಿಕೊಂಡು ರೊಟ್ಟಿ ಸುಡುತ್ತಿದ್ದಳು. ಸೆಖೆಯಲ್ಲಿ ಬೆಂದು ಸಾಯ್ತೀಯ, ಕಿಟಕಿ ತೆಗಿ ಎಂದು ತಂಗಿ ಎಂದಿನಂತೆ ಬೈದಳು.

ಅಕ್ಕ ಒಲೆ ಆರಿಸಿದಳು. "ಬಿಲ್ಲೆ ಮನೇಲೇ ಇರ್ಲಿ ಬಿಡೇ," ಎಂದಳು. "ಮಾತಾಡೋದನ್ನ ಮಾತಾಡು. ಅದನ್ನ ತಗೊಂಡು ಹೋಗ್ಬೇಡ."

ಯಾಕೆ ಎಂದರೆ ಹೇಳಲಿಲ್ಲ. ಹೊಟ್ಟೆಕಿಚ್ಚು ಎಂದುಕೊಂಡು ತಂಗಿ ಎದ್ದು ಬಂದಳು.

ಸಭೆಗೆ ಹಳೇ ಕಾರ್ಖಾನೆಯ ನಾಲ್ವರು ಮುದುಕರು ಬಸ್ಸು ಹಿಡಿದು ಬಂದರು. ಬೆಂಕಿಪೊಟ್ಟಣ ಅಂದು ಮಾತಾಡಿದಂತೆ ಜನ್ಮದಲ್ಲಿ ಮಾತಾಡಿರಲಿಲ್ಲ. ಕೊನೆಗೆ ಬಿಲ್ಲೆಯನ್ನು ಎತ್ತಿ ಹಿಡಿದು, ಅದರ ಅಂಕಿಯನ್ನು ಓದಿ ಹೇಳಿ, ನಲವತ್ತೊಂದು ದಿನ ಇದು ಅಪ್ಪನ ಜೇಬು ಬಿಟ್ಟು ಅಲ್ಲಾಡಲಿಲ್ಲ, ಈ ಬಿಲ್ಲೆ ನೋಡಿಕೊಂಡು ಬೆಳೆದವಳು ನಾನು ಎಂದಳು. ಮುನ್ನೂರು ಜನ ಎದ್ದು ನಿಂತರು. ಹಿಂದಿನ ಸಾಲಿನಿಂದ ಯಾರೋ "ಇನ್ನೂರ ಹನ್ನೆರಡು" ಎಂದು ಕೂಗಿದರು, ಅದೇ ಘೋಷಣೆಯಾಯಿತು.

ಮುಂದಿನ ಸಾಲಿನ ನಾಲ್ವರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಕನ್ನಡಕ ತೆಗೆದು ಒರೆಸಿಕೊಂಡ, ಇನ್ನೊಬ್ಬ ನೆಲ ನೋಡಿದ. ಸಭೆ ಮುಗಿದು ಚಹಾ ತಂದುಕೊಟ್ಟರೆ ಬೇಡವೆಂದು ಮೂವರು ಬಸ್ಸಿಗೆ ಹೊರಟರು. ನಾಲ್ಕನೆಯವನು ಉಳಿದ. ಅವನು ಆ ಕಾರ್ಖಾನೆಯ ಗೇಟಿನಲ್ಲಿ ಇಪ್ಪತ್ತೇಳು ವರ್ಷ ಕಾವಲಿದ್ದವನು. ಗೇಟ್ ತಾತ ಎಂದೇ ಎಲ್ಲರೂ ಕರೆಯುತ್ತಿದ್ದರು. ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಅಂಕಿ ಸವರಿದ.

"ಇದು ನನ್ನ ಬೋರ್ಡಿಂದು ತಾಯಿ," ಎಂದ.

ಆಮೇಲೆ, ಮಗುವಿಗೆ ತಿಳಿಸಿ ಹೇಳುವಂತೆ ಹೇಳಿದ. ಗೇಟಿನ ಪಕ್ಕ ಒಂದು ಬೋರ್ಡು, ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೊಳೆ. ಬೆಳಿಗ್ಗೆ ಒಳಗೆ ಹೋಗುವವನಿಗೆ ಅವನ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಕೊಡುವುದು, ಸಂಜೆ ಹೊರಗೆ ಬರುವಾಗ ವಾಪಸು ಪಡೆದು ಅದೇ ಮೊಳೆಗೆ ಹಾಕುವುದು. ಒಳಗೆ ಬೆಂಕಿ ಬಿದ್ದರೆ ಯಾರ್ಯಾರು ಇದ್ದಾರೆಂದು ತಿಳಿಯಲಿ ಎಂದು ಮಾಡಿದ ಏರ್ಪಾಡು. ಬಿಲ್ಲೆ ಬೋರ್ಡಿನ ಮೇಲಿದ್ದರೆ ಮನುಷ್ಯ ಹೊರಗೆ. ಜೇಬಿನಲ್ಲಿದ್ದರೆ ಒಳಗೆ. ಅದನ್ನು ಯಾರೂ ಮನೆಗೆ ಒಯ್ಯುವಂತಿರಲಿಲ್ಲ.

"ಮುಷ್ಕರ ಮಾಡ್ದೋರ ಬಿಲ್ಲೆ ಎಲ್ಲಾ ಬೋರ್ಡ್ ಮೇಲೇ ಇತ್ತಮ್ಮ. ಹನ್ನೊಂದು ಮೊಳೆ ಮಾತ್ರ ಖಾಲಿ, ಇನ್ನೂರ ಹನ್ನೆರಡೂ ಅದ್ರಲ್ಲೊಂದು. ಕೆಲಸಕ್ಕೆ ಹೋದ ಆ ಹನ್ನೊಂದು ಜನ ಮೊದಲನೇ ದಿನ ಬೆಳಕು ಹರಿಯೋ ಮುಂಚೆ ಬಂದು ನನ್ನ ಕೈಯಿಂದಲೇ ತಗೊಂಡ್ರು. ಆಮೇಲೆ ನನ್ನ ಗೇಟಿನ ಕಡೆ ತಲೆ ಹಾಕ್ಲಿಲ್ಲ. ದಿನಾ ಮುಚ್ಚಿದ ಲಾರೀಲಿ ಹಿಂಬಾಗಿಲಿಂದ ಹೋಗೋದು, ಹಿಂಬಾಗಿಲಿಂದ ಬರೋದು. ಬಿಲ್ಲೆ ಅವರ ಹತ್ರಾನೇ ಉಳೀತು."

ಅವಳು ಬಿಲ್ಲೆ ವಾಪಸು ಕೊಡೆಂಬಂತೆ ಕೈ ಚಾಚಿದಳು.

"ನಾವ್ಯಾರೂ ಹೇಳಲ್ಲ," ಎಂದ ಗೇಟ್ ತಾತ. "ನಿನ್ನ ಜನಕ್ಕೆ ನೀನೇ ಹೇಳು. ವೋಟು ಬುಧವಾರ ತಾನೆ? ಅಷ್ಟರೊಳಗೆ ಹೇಳಿಬಿಡು." ಬಿಲ್ಲೆ ವಾಪಸು ಕೊಟ್ಟು ಬಸ್ ನಿಲ್ದಾಣದ ಕಡೆ ನಡೆದ.

ಅವಳು ನೇರ ಅಕ್ಕನ ಮನೆಗೆ ಹೋದಳು. ಅಕ್ಕನಿಗೆ ಮುಖ ನೋಡಿದ ಕೂಡಲೇ ತಿಳಿಯಿತು.

"ನಿಂಗೆ ಗೊತ್ತಿತ್ತಾ?"

"ಒಂಬತ್ತು ವರ್ಷ ನಂಗೆ. ಲಾರಿ ನಮ್ಮನೆ ಹಿಂದೇನೇ ನಿಲ್ತಿತ್ತು."

ಅಕ್ಕ ನಿಧಾನವಾಗಿ, ಸಿಟ್ಟಿಲ್ಲದೆ ಹೇಳಿದಳು. ಇಡೀ ಬೀದಿಯಲ್ಲಿ ಒಲೆ ಹೊತ್ತದ ದಿನಗಳಲ್ಲಿ ನಮ್ಮ ಮನೆಯಲ್ಲಿ ದಿನಾ ಬೇಯುತ್ತಿತ್ತು. ವಾಸನೆ ಆಚೆ ಹೋಗಬಾರದೆಂದು ಅಮ್ಮ ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕುತ್ತಿದ್ದಳು. ಆದರೂ ಗೊತ್ತಾಯಿತು. ಶಾಲೆಯ ನಲ್ಲಿಯಲ್ಲಿ ನಾನು ಕೈ ಇಟ್ಟರೆ ಉಳಿದ ಮಕ್ಕಳು ನೀರು ಕುಡಿಯುತ್ತಿರಲಿಲ್ಲ. ಮುಷ್ಕರ ಮುಗಿದ ಮೇಲೆ ಊರು ಬಿಟ್ಟೆವಲ್ಲ, ಮಾಲೀಕರು ಓಡಿಸಿದ್ದಲ್ಲ; ಅಂಗಡಿಯವನು ಸಹ ಸಾಮಾನು ಕೊಡದಾದ.

ಮುಳುಗುವವಳಂತೆ ತಂಗಿ ಒಂದು ಹುಲ್ಲುಕಡ್ಡಿಗಾಗಿ ಕೈ ಚಾಚಿದಳು. "ನಾನು ಚಿಕ್ಕೋಳು. ನಂಗೇನಾದ್ರೂ ಕಾಯಿಲೆ ಇತ್ತಾ? ನನ್ನ ಔಷಧಿಗೆ ಅಂತ ಹೋದ್ರಾ ಅಪ್ಪ?"

"ನಿಂಗೇನಾಗಿತ್ತು? ಗುಂಡುಕಲ್ಲಿನ ಹಾಗಿದ್ದೆ," ಎಂದಳು ಅಕ್ಕ. "ಫೋರ್‌ಮನ್ ಮಾಡ್ತೀವಿ ಅಂದಿದ್ರು. ಮಾಡ್ಲಿಲ್ಲ."

ಯಾಕೆ ಇಷ್ಟು ವರ್ಷ ಹೇಳಲಿಲ್ಲ ಎಂದು ತಂಗಿ ಕೇಳಿದಳು. ನಿನ್ನನ್ನು ಹೇಡಿ ಅಂದೆನಲ್ಲೇ, ಒಂದಲ್ಲ ಹತ್ತು ಸಲ!

"ನೀನು ಅಪ್ಪನ ಕಥೆ ಕೇಳ್ಕೊಂಡು ಬೆಳೆದೆ," ಎಂದಳು ಅಕ್ಕ. "ನಾನು ಅಪ್ಪನ ಜೊತೆ ಬೆಳೆದೆ. ನಿಂಗೆ ಜನ ಅಂದ್ರೆ ಬಾವುಟ ಹಿಡ್ಕೊಂಡು ಮುಂದೆ ನಡೆಯೋರು. ನಂಗೆ, ಯಾರು ಕೂಗಿದ್ರೂ ಸರಿ, ಆ ಲಾರಿ ಎಲ್ಲಿ ನಿಂತಿದೆ ಅಂತ ಕಣ್ಣು ಹುಡುಕತ್ತೆ. ಏನು ಮಾಡ್ಲಿ? ನೀನಾದ್ರೂ ನೆಟ್ಟಗೆ ನಡೀತಿದ್ದೀಯ, ನಡೀಲಿ ಅಂತ ಸುಮ್ಮನಿದ್ದೆ."

ಹೇಳಿಬಿಡುವುದೆಂದು ಅವಳು ಗಟ್ಟಿ ಮನಸ್ಸು ಮಾಡಿದಳು. ಮಂಗಳವಾರ ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಬಳಿ ಜನ ಸೇರಿದರು. ಅವಳು ಪೆಟ್ಟಿಗೆ ಸಾಗಿಸುವ ಮರದ ಹಲಗೆಯ ಮೇಲೆ ಹತ್ತಿ ನಿಂತಳು. ಒಂದು ವಿಷಯ ಹೇಳಬೇಕು ಎಂದು ಬಾಯಿ ತೆರೆದಳು. ಅಷ್ಟರಲ್ಲಿ "ಇನ್ನೂರ ಹನ್ನೆರಡು" ಎಂಬ ಕೂಗು ಎದ್ದಿತು. ನಾಲ್ಕು ದಿನದ ಹಿಂದೆ ಕೆಲಸ ಹೋದೀತೆಂದು ಅಳುತ್ತಿದ್ದ ಹೆಂಗಸು ಕೂಡ ಮುಷ್ಟಿ ಎತ್ತಿ ಕೂಗುತ್ತಿದ್ದಳು. ಈಗ ನಿಜ ಹೇಳಿದರೆ ಮೀಸೆ ಗೆಲ್ಲುತ್ತಾನೆ, ಮೀಸೆ ಗೆದ್ದರೆ ಅರ್ಧ ಜನ ಬೀದಿಗೆ ಬೀಳುತ್ತಾರೆ, ಇವರ ಒಳ್ಳೆಯದಕ್ಕಾದರೂ ಬಾಯಿ ಮುಚ್ಚಿಕೊಂಡಿರಬೇಕು ಎಂದು ಅವಳಿಗೆ ತೋರಿತು. ಒಳ್ಳೆಯ ಕಾರಣವೇ. ಮುಚ್ಚಿದ ಲಾರಿ ಹತ್ತಿದ ಹನ್ನೊಂದು ಜನರಿಗೂ ಒಂದೊಂದು ಒಳ್ಳೆಯ ಕಾರಣ ಇದ್ದೇ ಇತ್ತು.

ನಾಳೆ ತಪ್ಪದೆ ವೋಟು ಹಾಕಿ ಎಂದಷ್ಟೇ ಹೇಳಿ ಕೆಳಗಿಳಿದಳು.

ಗೆದ್ದಳು, ಸಣ್ಣ ಅಂತರದಲ್ಲೇನೂ ಅಲ್ಲ. ಬಿಲ್ಲೆ ಇನ್ನು ಸಂಘದ ಕಚೇರಿಯಲ್ಲೇ ಇರಬೇಕು ಎಂದು ಜನ ಹಟ ಹಿಡಿದರು. ಗುರುವಾರ ಮಧ್ಯಾಹ್ನ ಅವಳು ಆ ಚಿಕ್ಕ ಕೋಣೆಯಲ್ಲಿ ಬಿಲ್ಲೆ ಹಿಡಿದು ಕೂತಿದ್ದಾಗ ಸುತ್ತಿಗೆ, ಮೊಳೆ ಹಿಡಿದುಕೊಂಡು ಬಂದವನು ಮೀಸೆ. ಸೋತವನು ಮೊಳೆ ಹೊಡೆದರೆ ಕಾರ್ಖಾನೆಯಲ್ಲಿ ಒಡಕಿಲ್ಲ ಎಂದು ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಎಂದ. ಅವಳ ಹಳೇ ಮಾತನ್ನು ಎತ್ತಲಿಲ್ಲ. ಬಾಗಿಲ ಪಕ್ಕ ಗೋಡೆಗೆ ಮೊಳೆ ಹೊಡೆದ, ಅಲ್ಲಾಡಿಸಿ ಗಟ್ಟಿಯಿದೆಯೇ ನೋಡಿದ, ಬಿಲ್ಲೆಗೆ ಕೈ ಚಾಚಿದ.

"ಒಂದು ಕೇಳ್ಲಾ?" ಎಂದ. "ನಮ್ಮಪ್ಪ ಮಾಲೀಕರ ಮನೇಲಿ ಯಾರಿಗೂ ಎದುರು ಮಾತಾಡಿದ್ದನ್ನ ನಾನು ನೋಡ್ಲಿಲ್ಲ. ನಂಗೂ ಅದೇ ಬಂತು. ನಿಮ್ಮಪ್ಪನಂಥೋರು ಇದ್ದಿದ್ರೆ ನಾನೂ ಬೇರೆ ಥರ ಆಗ್ತಿದ್ದೆನೋ ಏನೋ. ನಿಜವಾಗ್ಲೂ ನಲವತ್ತೊಂದು ದಿನ ಒಂದ್ಸಲಾನೂ ಒಳಗೆ ಹೋಗ್ಲಿಲ್ವಾ ಅವ್ರು?"

ಕೋಣೆಯಲ್ಲಿ ಇಬ್ಬರೇ ಇದ್ದರು. ಘೋಷಣೆ ಇರಲಿಲ್ಲ, ಮುನ್ನೂರು ಜನ ಇರಲಿಲ್ಲ, ಗೆಲ್ಲಲು ಚುನಾವಣೆಯೂ ಉಳಿದಿರಲಿಲ್ಲ. ಅವಳು ಬಿಲ್ಲೆಯನ್ನು ಅವನ ಕೈಗೆ ಕೊಟ್ಟಳು.

"ಒಂದಿನಾನೂ ಒಳಗೆ ಕಾಲಿಡ್ಲಿಲ್ಲ," ಎಂದಳು.

ಅಪ್ಪ ಈ ಮಾತನ್ನು ಅವಳಿಗೆ ಎಂದೂ ಹೇಳಿರಲಿಲ್ಲ. ಇಂಥ ಸುಳ್ಳು ಹೇಳುವಷ್ಟು ಧೈರ್ಯ ಅವನಿಗೆ ಸಾಯುವವರೆಗೂ ಬಂದಿರಲಿಲ್ಲ. ಮೀಸೆ ತಲೆದೂಗಿ, ಬಿಲ್ಲೆಯನ್ನು ಮೊಳೆಗೆ ಹಾಕಿ, ಸೊಟ್ಟಗಿದೆಯೇನೋ ಎಂದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.